ಅಕ್ಟೋಬರ್ ರಜೆಗೆ ಫ್ರಾನ್ಸಿನ ದಕ್ಷಿಣಕ್ಕೆ: ಮನೆಮಂದಿ ಜೊತೆ ಹೋಗಿ ಹಕ್ಕಿ ನೋಡೋದು ಹೇಗೆ?

ಗದ್ದೆಬದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕ. ಅಕ್ಟೋಬರ್ ಕೊನೆಗೆ ಮಕ್ಕಳಿಗೆ ರಜೆ ಇದೆ. ಮಂಡ್ಯದಿಂದ ಅಪ್ಪ ಅಮ್ಮ ಬಂದಿದ್ದಾರೆ. ಇಲ್ಲಿ ಚಳಿ ಶುರುವಾಗಿದೆ, ಅವರನ್ನು ಸ್ವಲ್ಪ ಬೆಚ್ಚಗಿರುವ ಕಡೆ ಕರೆದುಕೊಂಡು ಹೋಗೋಣ ಅಂತ ಫ್ರಾನ್ಸಿನ ದಕ್ಷಿಣ ಆರಿಸಿದ್ದೇವೆ. ಏಳು ಸೀಟಿನ ಬಾಡಿಗೆ ಗಾಡಿ, ಆರು ಜನ, ಒಂದು ಕುಕ್ಕರ್.

ನನ್ನ ಪಟ್ಟಿ ಇದು. ಕಮಾರ್ಗ್‌ನಲ್ಲಿ ರಾಜಹಂಸ, ಅಂದರೆ ಫ್ಲೆಮಿಂಗೊ. ಕ್ರೋ ಬಯಲಲ್ಲಿ ಲಿಟಲ್ ಬಸ್ಟರ್ಡ್ ಅನ್ನೋ ಬಯಲು ಹಕ್ಕಿ. ಜೋಂತ್ ಕಣಿವೆಯಲ್ಲಿ ರಣಹದ್ದು. ಪಿರೆನೀಸ್ ಘಾಟಿಗಳಲ್ಲಿ ವಲಸೆ ಹಕ್ಕಿ. ಲೆ ಬೋ ಕೋಟೆ ಬಂಡೆಯಲ್ಲಿ ವಾಲ್‌ಕ್ರೀಪರ್ ಅನ್ನೋ ಬಂಡೆ ಹತ್ತುವ ಪುಟ್ಟ ಹಕ್ಕಿ. ಹೆಂಡತಿ ಪಟ್ಟಿ ನೋಡಿ "ಇದು ರಜೆನಾ, ಜನಗಣತಿನಾ?" ಅಂದಳು. ಅವಳಿಗೆ ಆರ್ಲ್ ಪೇಟೆ ನೋಡಬೇಕು, ಮಕ್ಕಳಿಗೆ ಸಮುದ್ರ ಬೇಕು, ಅಮ್ಮನಿಗೆ ಮಂಡಿನೋವು. ಇದರಲ್ಲಿ ಯಾವುದು ಸಾಧ್ಯ, ಯಾವುದು ಸುಮ್ನೆ ಆಸೆ, ಹೋಗಿ ಬಂದವರು ಹೇಳಿ.

ಮೊಂಪೆಲಿಯೆ_ಮಲ್ಲಿಗೆ:

ನಾನು ಇಲ್ಲೇ ಮೊಂಪೆಲಿಯೆಯಲ್ಲಿ ಇರೋದು. ನಿಮ್ಮ ಮನೆಯವರು ಹೇಳಿದ್ದೇ ಸರಿ. ಆ ಪಟ್ಟಿ ಹಿಡಿದು ಹೊರಟರೆ ಇಡೀ ರಜೆ ಹೆದ್ದಾರಿಯಲ್ಲೇ ಮುಗಿಯುತ್ತದೆ. ಪಿರೆನೀಸ್ ಬಿಡಿ. ಕ್ರೋ ಕೂಡ ಬಿಡಿ. ಅದು ಹಳೇ ಕಾಲದಲ್ಲಿ ದುರಾಂಸ್ ನದಿ ತಂದು ಸುರಿದ ಉರುಟು ಕಲ್ಲಿನ ಬಯಲು. ಕುರಿ ಮೇಯೋ ಜಾಗ, ನೆರಳು ಅನ್ನೋದೇ ಇಲ್ಲ. ರಕ್ಷಿತ ಭಾಗಕ್ಕೆ ಹೋಗಲು ಮೊದಲೇ ಪರವಾನಗಿ ತಗೊಂಡು ಉದ್ದಕ್ಕೆ ನಡೆಯಬೇಕು. ಹಕ್ಕಿ ಕಂಡರೂ ದೂರದಲ್ಲಿ ಕಾಣುತ್ತದೆ. ಟೆಲಿಸ್ಕೋಪ್ ಇಟ್ಟುಕೊಂಡು ಒಬ್ಬರೇ ಹೋಗುವವರಿಗೆ ಸ್ವರ್ಗ, ಮಂಡಿನೋವಿರುವ ನಿಮ್ಮ ಅಮ್ಮನಿಗೆ ಶಿಕ್ಷೆ.

ಆರ್ಲ್‌ನಲ್ಲೋ ಅದರ ಸುತ್ತಲಿನ ಹಳ್ಳಿಯಲ್ಲೋ ಅಡುಗೆಮನೆ ಇರುವ ಮನೆ ಹಿಡಿಯಿರಿ. ಆರ್ಲ್ ಮೇಲ್ಗಡೆ ರೋನ್ ನದಿ ಎರಡು ಕವಲಾಗುತ್ತದೆ. ಆ ಎರಡು ಕವಲಿನ ನಡುವೆ ಸಮುದ್ರದವರೆಗೆ ಹರಡಿರುವುದೇ ಕಮಾರ್ಗ್. ಭತ್ತದ ಗದ್ದೆ, ಜೊಂಡು, ಉಪ್ಪುನೀರಿನ ಸರೋವರ, ಉಪ್ಪಿನ ಮಡಿ, ಮರಳದಂಡೆ, ಎಲ್ಲ ಒಂದು ಗಂಟೆ ಡ್ರೈವ್ ಒಳಗೆ. ಸಮುದ್ರದ ಊರು ಸೆಂತ್-ಮಾರಿ ಆರ್ಲ್‌ನಿಂದ 38 ಕಿ.ಮೀ. ಅಷ್ಟೇ. ಮಕ್ಕಳ ಸಮುದ್ರ, ನಿಮ್ಮ ಹಕ್ಕಿ, ಎರಡೂ ಒಂದೇ ರಸ್ತೆಯಲ್ಲಿ ಸಿಗುತ್ತವೆ.

ಇನ್ನೊಂದು ಅನುಕೂಲ ಯಾರೂ ಹೇಳಲ್ಲ. ಅಕ್ಟೋಬರ್ ಕೊನೇ ಭಾನುವಾರ ಯುರೋಪಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅದಕ್ಕೆ ಮುಂಚೆ ಇಲ್ಲಿ ಸೂರ್ಯ ಹುಟ್ಟೋದೇ ಬೆಳಿಗ್ಗೆ ಎಂಟರ ಸುಮಾರಿಗೆ. ಅಲಾರಂ ಇಡದೆ, ಕಾಫಿ ಕುಡಿದು ಹೊರಟರೂ ಮುಂಜಾವಿನ ಹಕ್ಕಿ ಸಿಗುತ್ತದೆ. ಗಡಿಯಾರ ಬದಲಾದ ಮೇಲೆ ಸಂಜೆ ಐದೂ ಮುಕ್ಕಾಲಿನ ಒಳಗೆ ಮುಳುಗುತ್ತದೆ. ಕ್ರೌಂಚಗಳು (ಕ್ರೇನ್ ಹಕ್ಕಿ) ರಾತ್ರಿ ತಂಗೋ ಜಾಗಕ್ಕೆ ಮರಳೋದು ನೋಡಿಕೊಂಡು ಬಂದು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಬಹುದು. ಜೂನ್‌ನಲ್ಲಿ ಬಂದಿದ್ದರೆ ರಾತ್ರಿ ಒಂಬತ್ತೂವರೆ ತನಕ ಕಾಯಬೇಕಿತ್ತು.

ಮೊದಲ ದಿನ ನೇರ ಪೊಂ ದ ಗೋ ಪಕ್ಷಿ ಉದ್ಯಾನಕ್ಕೆ ಹೋಗಿ. ಸೆಂತ್-ಮಾರಿ ತಲುಪೋ ಸ್ವಲ್ಪ ಮುಂಚೆ ರಸ್ತೆ ಪಕ್ಕದಲ್ಲೇ ಇದೆ.

ಬೈನಾಕ್ಯುಲರ್_ಭಟ್ಟರು:

ಮಲ್ಲಿಗೆ ಮೇಡಂ, ಉಳಿದಿದ್ದಕ್ಕೆಲ್ಲ ಸೈ. ಪೊಂ ದ ಗೋ ಮಾತ್ರ ನಂಗೆ ಒಪ್ಪಿಗೆ ಇಲ್ಲ. ಟಿಕೆಟ್ ಕೊಟ್ಟು ಒಳಗೆ ಹೋಗಿ, ಸೆಲ್ಫಿ ತಗೊಳ್ಳೋ ಜನರ ನಡುವೆ ನಿಂತು ಫ್ಲೆಮಿಂಗೊ ನೋಡೋದು ಹಕ್ಕಿ ವೀಕ್ಷಣೆ ಹೇಗಾಗುತ್ತೆ? ಝೂ ಅಷ್ಟೇ. ವಕ್ಕಾರೆಸ್ ಸರೋವರದ ಪೂರ್ವ ದಡಕ್ಕೆ ಹೋಗಿ. ಲ ಕಪೆಲ್ಯೇರ್‌ನಲ್ಲಿ ರಾಷ್ಟ್ರೀಯ ಅಭಯಾರಣ್ಯದ ಕೇಂದ್ರ ಇದೆ, ಪುಟ್ಟ ಕಾಲುದಾರಿ, ಒಳಗೆ ಅಡಗಿ ಕೂತು ಹಕ್ಕಿ ನೋಡೋ ಮರೆಮನೆಗಳು. ಅಲ್ಲಿಂದ ದಕ್ಷಿಣಕ್ಕೆ ಸಲ್ಯಾಂ ದ ಜಿರೋ ಉಪ್ಪಿನ ಮಡಿಗಳ ತನಕ ಕಾರಿನಲ್ಲೇ ಕೂತು ನೋಡುತ್ತಾ ಹೋಗಬಹುದು. ನಿಜವಾದ ಕಮಾರ್ಗ್ ಅದು.

ಮೊಂಪೆಲಿಯೆ_ಮಲ್ಲಿಗೆ:

ಭಟ್ಟರೇ, ಅಲ್ಲಿರೋ ಫ್ಲೆಮಿಂಗೊಗಳಿಗೆ ಬೇಲಿ ಇಲ್ಲ, ರೆಕ್ಕೆ ಕತ್ತರಿಸಿಲ್ಲ. ತಾವಾಗೇ ಬರುತ್ತವೆ, ತಾವಾಗೇ ಹಾರಿ ಹೋಗುತ್ತವೆ. ಮನುಷ್ಯರನ್ನು ನೋಡಿ ನೋಡಿ ಭಯ ಬಿಟ್ಟಿವೆ, ಅದಕ್ಕೆ ಹತ್ತಿರ ಸಿಗುತ್ತವೆ. ಪೂರ್ವ ದಡ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ವಕ್ಕಾರೆಸ್ ಎಷ್ಟು ಅಗಲ ಅಂದರೆ, ಅಲ್ಲಿ ಫ್ಲೆಮಿಂಗೊ ಅಂದರೆ ದೂರದಲ್ಲೊಂದು ಗುಲಾಬಿ ಗೀಟು. ಮಕ್ಕಳು ಎರಡು ನಿಮಿಷ ನೋಡಿ ಫೋನ್ ಕೇಳುತ್ತಾರೆ. ಉದ್ಯಾನದಲ್ಲಿ ದಾರಿ ಸಮತಟ್ಟು, ಬೆಂಚು ಇದೆ, ಶೌಚಾಲಯ ಇದೆ. ಮನೆಮಂದಿ ಜೊತೆ ಹೋಗುವಾಗ ಈ ಮೂರು ಇದ್ದರೆ ಅರ್ಧ ಗೆದ್ದ ಹಾಗೆ. ನೀವು ಒಬ್ಬರೇ ಹೋಗಿದ್ದಿರಿ ಅಲ್ವಾ?

ಬೈನಾಕ್ಯುಲರ್_ಭಟ್ಟರು:

ಹೌದು, ಒಬ್ಬನೇ. ಆಯ್ತು, ಬೆಂಚಿನ ವಿಷಯ ಒಪ್ಪಿದೆ. ಝೂ ವಿಷಯ ಒಪ್ಪಿಲ್ಲ.

ರಾಮದೇವರ_ಬೆಟ್ಟ:

ರಣಹದ್ದು ಬಿಡಿ ಅಂತ ಯಾರೂ ಇನ್ನೂ ಹೇಳಿಲ್ಲ, ಹಾಗಾಗಿ ನಾನು ಅವುಗಳ ಪರ ವಾದ ಮಾಡ್ತೀನಿ.

ಜೋಂತ್ ಕಣಿವೆಯಲ್ಲಿ ಗ್ರಿಫನ್ ರಣಹದ್ದು ಪೂರ್ತಿ ಅಳಿದುಹೋಗಿತ್ತು. ವಿಷ, ಬಂದೂಕು, ಸತ್ತ ದನ ಕುರಿ ಸಿಗದಿರೋದು, ಎಲ್ಲ ಸೇರಿ. 1981ರಿಂದ ಸಾಕಿದ ಹಕ್ಕಿಗಳನ್ನು ಮತ್ತೆ ಹಾರಿಬಿಟ್ಟರು. 1992ರಿಂದ ಕಪ್ಪು ರಣಹದ್ದನ್ನೂ ಬಿಟ್ಟರು. ಈಗ ಅಲ್ಲಿ ಕುರಿ ಸತ್ತರೆ ಸಾಕಿದವನು ಅವುಗಳಿಗೇ ಹಾಕುತ್ತಾನೆ. ನಮ್ಮಲ್ಲಿ ಆಗಿದ್ದು ಗೊತ್ತಲ್ಲ. ದನಗಳಿಗೆ ಕೊಡೋ ಡೈಕ್ಲೋಫೆನಾಕ್ ಹೆಣದಲ್ಲಿ ಉಳಿದು, ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಜಾನುವಾರುಗಳಿಗೆ ಆ ಔಷಧಿ ನಿಷೇಧ ಆಯಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದರು. ಅಲ್ಲಿ ಈಗ ಬಂಡೆ ಮೇಲೆ ಒಂದು ಕಂಡರೆ ಹಬ್ಬ. ಗ್ರಿಫನ್‌ಗಳು ಗುಂಪುಗುಂಪಾಗಿ ಬಿಸಿಗಾಳಿಯಲ್ಲಿ ಏರೋದು ನೋಡಬೇಕಾದರೆ ಫ್ರಾನ್ಸೇ ಸರಿ. ಅವು ವರ್ಷ ಪೂರ್ತಿ ಇರುತ್ತವೆ. ಬಿಳಿ ರಣಹದ್ದು ಮಾತ್ರ ಅಷ್ಟು ಹೊತ್ತಿಗೆ ಆಫ್ರಿಕಾ ಸೇರಿರುತ್ತದೆ.

ಮೊಂಪೆಲಿಯೆ_ಮಲ್ಲಿಗೆ:

ಒಪ್ಪುತ್ತೇನೆ, ಆದರೆ ಆರ್ಲ್‌ನಿಂದ ಜೋಂತ್ ಹೋಗೋದಕ್ಕೇ ಎರಡೂವರೆ ಗಂಟೆ ಮೇಲೆ. ಕಣಿವೆ ರಸ್ತೆ, ತಿರುವು. ಹಿಂದಿನ ಸೀಟಲ್ಲಿ ವಾಂತಿ ಮಾಡೋ ಮಗು ಇದ್ದರೆ ನಾನಂತೂ ಹೋಗಲ್ಲ. ಜರ್ಮನಿಯಿಂದ ಇನ್ನೊಂದು ಸಲ ಬರಬಹುದು ಅಲ್ವಾ?

ಕಡಲ_ಗಾಳಿ:

ಗಾಳಿ ಪಶ್ಚಿಮ ವಾಯವ್ಯದಿಂದ ಬೀಸೋ ದಿನ ಸಿಕ್ಕರೆ ನಾರ್ಬೊನ್ ಹತ್ತಿರದ ಗ್ರುಯಿಸಾಂ ನೆನಪಿರಲಿ. ದಕ್ಷಿಣಕ್ಕೆ ಹೋಗೋ ಹಕ್ಕಿಗಳು ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಎದುರು ಗಾಳಿ ಇದ್ದರೆ ತಲೆ ಮೇಲೇ, ತಗ್ಗಿನಲ್ಲೇ ಹಾರುತ್ತವೆ. ಗಿಡುಗಗಳ ಭರಾಟೆ ಸೆಪ್ಟೆಂಬರ್‌ಗೇ ಮುಗಿದಿರುತ್ತದೆ. ಅಕ್ಟೋಬರ್ ಕೊನೆಗೆ ಸಣ್ಣ ಹಕ್ಕಿ, ಕಾಡು ಪಾರಿವಾಳ. ಗಾಳಿ ಇಲ್ಲದ ದಿನ ಹೋದರೆ ಏನೂ ಇಲ್ಲ.

ಮಂಗಳೂರು_ಸೌತೆ:

ಹಕ್ಕಿ ಎಲ್ಲ ಸರಿ, ಊಟ? ನಾವೂ ಸಸ್ಯಾಹಾರಿ ಹಿರಿಯರ ಜೊತೆ ಹೋಗಬೇಕು ಅಂತ ಇದ್ದೇವೆ.

ಮೊಂಪೆಲಿಯೆ_ಮಲ್ಲಿಗೆ:

ಕಮಾರ್ಗ್‌ನ ವಿಶೇಷ ಅಂದರೆ ಕಪ್ಪು ಗೂಳಿ ಮಾಂಸ. ಹೋಟೆಲ್ ಬೋರ್ಡಿನಲ್ಲಿ ಮೊದಲ ಸಾಲು ಅದೇ. ಹಿರಿಯರಿಗೆ ಓದಿ ಹೇಳೋಕೆ ಹೋಗಬೇಡಿ. ಆರ್ಲ್‌ನ ಶನಿವಾರದ ಸಂತೆಯಲ್ಲಿ ಬದನೆ, ಕುಂಬಳ, ಅಂಜೂರ, ದ್ರಾಕ್ಷಿ, ಎಲ್ಲ ಸಿಗುತ್ತೆ. ಅಡುಗೆಮನೆ ಇದ್ದರೆ ಚಿಂತೆ ಇಲ್ಲ. ಫುಗಾಸ್ ಅನ್ನೋ ರೊಟ್ಟಿ ಕೊಳ್ಳುವಾಗ ಒಳಗೆ ಏನಿದೆ ಕೇಳಿ. ಕೆಲವದರಲ್ಲಿ ಮೀನು, ಕೆಲವದರಲ್ಲಿ ಹಂದಿಮಾಂಸದ ಚೂರು ಇರುತ್ತೆ. ಆಲಿವ್ ಹಾಕಿದ್ದು ತಗೊಳ್ಳಿ.

ಗದ್ದೆಬದು:

ಹೋಗಿ ಬಂದೆವು. ಎಲ್ಲರಿಗೂ ಥ್ಯಾಂಕ್ಸ್. ಮಲ್ಲಿಗೆ ಮೇಡಂ ಹೇಳಿದ ಹಾಗೆ ಆರ್ಲ್ ಹತ್ತಿರ ಒಂದೇ ಮನೆ ಹಿಡಿದು ಅಲ್ಲಾಡಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಎಲ್ಲರಿಗಿಂತ ಮೊದಲು ಕಮಾರ್ಗ್‌ಗೆ ಸೋತವರು ಅಪ್ಪ. ಅವರಿಗೆ ಹಕ್ಕಿ ಬೇಕಿರಲಿಲ್ಲ, ಗದ್ದೆ ಸಾಕಾಯಿತು. ಫ್ರಾನ್ಸಿನಲ್ಲಿ ಭತ್ತ ಅಂದರೆ ಅವರು ನಂಬಿರಲಿಲ್ಲ. ಕೊಯ್ಲು ಮುಗಿದ ಗದ್ದೆಗಳು ರಸ್ತೆಯ ಎರಡೂ ಕಡೆ, ಕೂಳೆ ಹಾಗೇ ನಿಂತಿತ್ತು. ಕಾರು ನಿಲ್ಲಿಸಿ ಅಂದರು. ಇಳಿದು, ಬದುವಿನ ಮೇಲೆ ಕೂತು, ಒಂದು ಕೂಳೆ ಕಿತ್ತು ಬೇರು ನೋಡಿದರು. "ನಾಟಿ ಮಾಡಿಲ್ಲ ಕಣೋ, ಎರಚಿದ್ದಾರೆ, ಸಾಲೇ ಇಲ್ಲ" ಅಂದರು. ಆಮೇಲೆ ಮಾಹಿತಿ ಫಲಕದಲ್ಲಿ ಓದಿದೆ, ಸರಿಯಾಗಿಯೇ ಹೇಳಿದ್ದರು. ರೋನ್ ನದಿಯ ಸಿಹಿನೀರನ್ನು ಗದ್ದೆಗೆ ನಿಲ್ಲಿಸುವುದರಿಂದ ನೆಲದ ಉಪ್ಪು ಕೆಳಗೆ ಇಳಿಯುತ್ತದಂತೆ. ಆಮೇಲೆ ಗೋಧಿ ಹಾಕಬಹುದು. ಹಾಗಾಗಿ ಅಲ್ಲಿ ಭತ್ತ ಅಂದರೆ ಬರೀ ಅಕ್ಕಿಗಲ್ಲ, ನೆಲ ತೊಳೆಯೋಕೂ ಹೌದು. ಅಮ್ಮ ಅಲ್ಲಿನ ಕೆಂಪಕ್ಕಿ ಕೊಂಡು ತಂದಿದ್ದಾಳೆ.

ಆ ಗದ್ದೆಯಲ್ಲೇ ಹಕ್ಕಿ ಶುರು. ಟ್ರ್ಯಾಕ್ಟರ್ ಹಿಂದೆ ಗೋವಕ್ಕಿಗಳ ಸಾಲು. ನೀರು ನಿಂತ ಮೂಲೆಯಲ್ಲಿ ಮಿಂಚು ಕೆಂಬರಲುಗಳ ದಂಡು. ಪಕ್ಕದ ಕಾಲುವೆಯಲ್ಲಿ ಬೂದು ಬಕ, ಸಣ್ಣ ಬೆಳ್ಳಕ್ಕಿ, ಮಿಂಚುಳ್ಳಿ. ಅಪ್ಪ "ಇದಕ್ಕಾ ಇಷ್ಟು ದೂರ ಬಂದಿದ್ದು? ಎಲ್ಲ ನಮ್ಮ ಗದ್ದೇಲೇ ಇದಾವಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೊಂ ದ ಗೋ ಬಗ್ಗೆ ಭಟ್ಟರ ಕ್ಷಮೆ ಇರಲಿ, ಅದೇ ಇಡೀ ರಜೆಯಲ್ಲಿ ಎಲ್ಲರೂ ಒಟ್ಟಿಗೆ ಖುಷಿಪಟ್ಟ ಜಾಗ. ಅಮ್ಮ ಬೆಂಚಿನ ಮೇಲೆ ಕೂತಿದ್ದಳು, ಮುಂದೆ ಏಳೆಂಟು ಮಾರು ದೂರದಲ್ಲಿ ಒಂದು ಫ್ಲೆಮಿಂಗೊ. ತಲೆ ಪೂರ್ತಿ ನೀರಲ್ಲಿ, ಕೊಕ್ಕು ತಲೆಕೆಳಗಾಗಿ. ಹತ್ತಿರದಿಂದ ನೋಡಿದರೆ ಗಂಟಲು ಪಟಪಟ ಅಂತ ಮಿಡಿಯುತ್ತಿತ್ತು. ನಾಲಿಗೆಯಿಂದ ನೀರು ಎಳೆದು ಕೊಕ್ಕಿನ ಅಂಚಿನ ಜಾಲರಿಯಲ್ಲಿ ಸೋಸುತ್ತದೆ, ಅದರ ಕೆಲಸ ಅದು. ಮೂಗಿನ ಮಟ್ಟಕ್ಕೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಕಾಲು ಮಾತ್ರ ಒಂದೇ ಸಮ ಕುಟ್ಟುತ್ತಾ, ತಲೆ ಇದ್ದ ಜಾಗದ ಸುತ್ತ ತಿರುಗುತ್ತಿತ್ತು. ಕೆಸರು ಕದಡಿ ಹುಳ ಏಳಿಸೋದಕ್ಕೆ. ಅಪ್ಪ "ಕಣದಲ್ಲಿ ರಾಗಿ ತುಳಿಸೋ ಎತ್ತಿನ ಥರ" ಅಂದರು. ಅದು ಮುಂದೆ ಹೋದ ಮೇಲೆ ನೀರಿನಡಿ ಕೆಸರಿನಲ್ಲಿ ದುಂಡಗಿನ ಗುಳಿ ಉಳಿದಿತ್ತು, ನಡುವೆ ದಿಬ್ಬ. ಮಗಳು ಅಂಥ ಉಂಗುರಗಳನ್ನೇ ಹುಡುಕುತ್ತಾ ದಂಡೆಯುದ್ದಕ್ಕೂ ಓಡಿದಳು.

ಈ ವರ್ಷದ ಮರಿಗಳು ಬೂದು ಬಣ್ಣ, ಕಾಲೂ ಮಾಸಲು. ಗುಲಾಬಿ ಬಣ್ಣ ತಿನ್ನೋ ಸಿಗಡಿಯಂಥ ಜೀವಿಗಳಿಂದ ಬರುತ್ತೆ ಅಂತ ಮಗನಿಗೆ ಹೇಳಿದೆ. ಅವನು ಅಂದಿನಿಂದ ಕ್ಯಾರೆಟ್ ತಿನ್ನುತ್ತಿದ್ದಾನೆ, ನಾನು ತಡೆದಿಲ್ಲ.

ಕ್ರೌಂಚಗಳಿಗೆ ಭಟ್ಟರು ಹೇಳಿದ ಪೂರ್ವ ದಡದ ರಸ್ತೆಗೇ ಹೋದೆವು. ಹಗಲು ಭತ್ತದ ಕೂಳೆಯಲ್ಲಿ ಬಿದ್ದ ಕಾಳು ಆರಿಸಿ, ಸಂಜೆ ಆಳವಿಲ್ಲದ ನೀರಿನಲ್ಲಿ ನಿಂತು ಮಲಗಲು ಬರುತ್ತವೆ. ಕಾಣುವ ಮುಂಚೆ ಕೇಳಿಸುತ್ತವೆ. ಅಮ್ಮನಿಗೆ ಕಣ್ಣು ಸ್ವಲ್ಪ ಮಂಜು, ಕಿವಿ ಚುರುಕು. ಪ್ರತಿ ಗುಂಪನ್ನೂ ಅವಳೇ ಮೊದಲು ಹಿಡಿದಳು. ಸಾಲು ಸಾಲಾಗಿ, ಕುತ್ತಿಗೆ ಮುಂದೆ, ಕಾಲು ಹಿಂದೆ ಚಾಚಿಕೊಂಡು ತಲೆ ಮೇಲೆ ದಾಟಿದವು. ಮರಿಗಳ ದನಿ ಬೇರೆ, ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ನಡುನಡುವೆ ಕೇಳುತ್ತದೆ. ಸೊಳ್ಳೆ ಮಾತ್ರ ಭಯಂಕರ. ಅಕ್ಟೋಬರ್‌ನಲ್ಲಿ ಇರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ದಿನ ಮಿಸ್ತ್ರಾಲ್ ಎದ್ದಿತು. ಉತ್ತರದ ಗಾಳಿ. ಆಕಾಶ ತೊಳೆದಿಟ್ಟ ನೀಲಿ, ಆದರೆ ಕಾರಿನ ಬಾಗಿಲು ತೆಗೆದರೆ ಕೈಯಿಂದ ಕಿತ್ತುಕೊಳ್ಳುತ್ತೆ. ಜೊಂಡಿನ ಹಕ್ಕಿ ಒಂದೂ ಮೇಲೆ ಬರಲಿಲ್ಲ. ಜೌಗು ಸೆಳೆವಗಳು ಮಾತ್ರ ಗಾಳಿಗೆ ಮೈಕೊಟ್ಟು ಜೊಂಡಿನ ತಲೆ ಸವರಿಕೊಂಡು ಹೋಗುತ್ತಿದ್ದವು. ಅವತ್ತು ಹೆಂಡತಿ ಜೊತೆ ಆರ್ಲ್ ಸುತ್ತಿದೆ, ರೋಮನ್ನರ ಅಖಾಡ ನೋಡಿದೆವು.

ಲೆ ಬೋ ಕೋಟೆಗೂ ಹೋದೆವು. ವಾಲ್‌ಕ್ರೀಪರ್ ಸಿಗಲಿಲ್ಲ. ನೀಲಿ ಬಂಡೆ ಸಿಳ್ಳಾರ ಗೋಡೆ ಮೇಲೆ ಕೂತು ದರ್ಶನ ಕೊಟ್ಟಿತು.

ಒಂದು ವಿಷಯ ಮನಸ್ಸಿಗೆ ಕಸಿವಿಸಿ ಮಾಡಿತು. ಬೆಳಿಗ್ಗೆ ಬೆಳಿಗ್ಗೆ ಗುಂಡಿನ ಸದ್ದು. ಮಗಳು ಹೆದರಿಬಿಟ್ಟಳು. ಬಾತುಕೋಳಿ ಬೇಟೆಯಂತೆ. ಇಷ್ಟು ದೊಡ್ಡ ಪಕ್ಷಿ ತಾಣದಲ್ಲಿ ಇದನ್ನು ಹೇಗೆ ಬಿಡುತ್ತಾರೆ?

ಕಡಲ_ಗಾಳಿ:

ನಮಗೆ 1972ರ ವನ್ಯಜೀವಿ ಕಾಯ್ದೆ ಅಭ್ಯಾಸ ಆಗಿದೆ, ಅದಕ್ಕೆ ಆಘಾತ ಆಗುತ್ತೆ. ಅಲ್ಲಿ ಬೇಟೆ ಕಾನೂನಿನ ಪ್ರಕಾರವೇ ನಡೆಯುತ್ತದೆ, ಸೀಸನ್ ಇದೆ, ಲೈಸೆನ್ಸ್ ಇದೆ. ಕಮಾರ್ಗ್‌ನ ಬಹಳಷ್ಟು ಜೌಗು ಖಾಸಗಿ. ಬೇಟೆಗಾರರಿಂದ ಬಾಡಿಗೆ ಬರುತ್ತೆ ಅಂತಲೇ ಎಷ್ಟೋ ಜಮೀನುದಾರರು ಅವನ್ನು ಒಣಗಿಸದೆ ನೀರು ತುಂಬಿಸಿ ಇಟ್ಟುಕೊಂಡಿದ್ದಾರೆ.

ಬಾತುಗಳು ಇದಕ್ಕೆ ಹೊಂದಿಕೊಂಡುಬಿಟ್ಟಿವೆ. ಹಗಲಿಡೀ ವಕ್ಕಾರೆಸ್‌ನಂಥ ರಕ್ಷಿತ ನೀರಿನ ನಡುವೆ ದೊಡ್ಡ ಹಿಂಡಾಗಿ ನಿದ್ದೆ. ಕತ್ತಲಾದ ಮೇಲೆ ಖಾಸಗಿ ಜೌಗುಗಳಿಗೆ ಮೇಯಲು. ಬೆಳಗಾಗುವ ಮುಂಚೆ ವಾಪಸ್. ಗುಂಡು ಹಾರೋದು ಆ ಹೋಗೋ ಬರೋ ಹೊತ್ತಿಗೆ. ಹಗಲು ನೋಡಿದರೆ ಬಾತುಗಳು ಸೋಮಾರಿ ಅನಿಸುತ್ತವೆ, ಅವು ರಾತ್ರಿಪಾಳಿ ಮುಗಿಸಿ ಬಂದಿರುತ್ತವೆ.

ಬೈನಾಕ್ಯುಲರ್_ಭಟ್ಟರು:

ಬಾಡಿಗೆ ಬರುತ್ತೆ ಅಂತ ಕೊಲ್ಲೋದನ್ನು ಸಮರ್ಥಿಸೋಕಾಗಲ್ಲ. ಗುಂಡು ತಾಗಿದ್ದಷ್ಟೇ ಸಾಯೋದಲ್ಲ. ಕೆಸರಲ್ಲಿ ಬಿದ್ದ ಸೀಸದ ಕಾಳನ್ನು ಬಾತುಗಳು ಹರಳು ಅಂತ ನುಂಗಿ ವಿಷವೇರಿ ಸಾಯುತ್ತವೆ.

ಕಡಲ_ಗಾಳಿ:

ಅದಕ್ಕೇ ಫ್ರಾನ್ಸ್‌ನ ಜೌಗುಗಳಲ್ಲಿ 2006ರಿಂದ ಸೀಸದ ಗುಂಡು ನಿಷೇಧ. ಹಳೇ ಕಾಳು ಕೆಸರಲ್ಲಿ ಇನ್ನೂ ಇದೆ, ಅದು ನಿಜ. ನಾನು ಸಮರ್ಥಿಸುತ್ತಿಲ್ಲ ಭಟ್ಟರೇ, ನೀರು ಯಾರ ದುಡ್ಡಿನಿಂದ ನಿಂತಿದೆ ಅಂತ ಹೇಳಿದೆ ಅಷ್ಟೇ.

ಬೈನಾಕ್ಯುಲರ್_ಭಟ್ಟರು:

ನೀರು ನಿಲ್ಲಿಸೋಕೆ ಬಂದೂಕು ಬೇಕಿಲ್ಲ. ತೂರ್ ದು ವಲಾ ನೋಡಿ. 1954ರಲ್ಲಿ ಲುಕ್ ಹಾಫ್‌ಮನ್ ಶುರು ಮಾಡಿದ ಸಂಶೋಧನಾ ಕೇಂದ್ರ. ಫ್ಲೆಮಿಂಗೊಗಳು ಕಮಾರ್ಗ್‌ನಲ್ಲಿ ಗೂಡು ಕಟ್ಟೋದನ್ನೇ ಬಿಟ್ಟಿದ್ದ ಕಾಲದಲ್ಲಿ, 1970ರಲ್ಲಿ ಫಂಗಾಸಿಯೇ ಕೊಳದಲ್ಲಿ ಅವುಗಳಿಗಾಗಿ ದ್ವೀಪ ಮಾಡಿದರು. ಹಕ್ಕಿಗಳು ಸುಳಿಯಲಿಲ್ಲ. ಆಮೇಲೆ ಮನುಷ್ಯರೇ ಕೆಸರಿನಲ್ಲಿ ಗೂಡಿನ ದಿಬ್ಬ ಮಾಡಿಟ್ಟರು, ಯಾರೋ ಮೊದಲೇ ಬಂದು ಕಟ್ಟಿದ್ದಾರೆ ಅನ್ನೋ ಹಾಗೆ. 1974ರಲ್ಲಿ ಬಂದು ಮೊಟ್ಟೆ ಇಟ್ಟವು.

ಹೆಜ್ಜಾರ್ಲೆ_ಹುಡುಗಿ:

ಅದ್ಭುತ! ಒಂದು ದಡ್ಡ ಪ್ರಶ್ನೆ. ಚಳಿಗಾಲ ಬಂದರೂ ಫ್ಲೆಮಿಂಗೊಗಳು ಅಲ್ಲೇ ಯಾಕೆ ಇರುತ್ತವೆ? ವಲಸೆ ಹಕ್ಕಿ ಅಲ್ವಾ ಅವು?

ಬೈನಾಕ್ಯುಲರ್_ಭಟ್ಟರು:

ದಡ್ಡ ಪ್ರಶ್ನೆ ಅಲ್ಲಮ್ಮ. ಕೆಲವು ಹೋಗುತ್ತವೆ, ಕೆಲವು ಉಳಿಯುತ್ತವೆ. ಹೋದವು ಸ್ಪೇನ್, ಸಾರ್ಡಿನಿಯಾ, ಟುನೀಶಿಯಾ ಕಡೆ. 1977ರಿಂದ ಮರಿಗಳ ಕಾಲಿಗೆ ಅಕ್ಷರ ಇರೋ ಪ್ಲಾಸ್ಟಿಕ್ ಉಂಗುರ ಹಾಕುತ್ತಿದ್ದಾರೆ, ಅದನ್ನು ದೂರದಿಂದ ಓದಿಯೇ ಇದೆಲ್ಲ ಗೊತ್ತಾಗಿದ್ದು. ಮೂವತ್ತು ವರ್ಷ ದಾಟಿದ ಹಕ್ಕಿಗಳೂ ಸಿಕ್ಕಿವೆ. ಉಳಿಯೋದರಲ್ಲಿ ಅಪಾಯ ಇದೆ. 1985ರ ಜನವರಿಯಲ್ಲಿ ಕೊಳಗಳೆಲ್ಲ ಹೆಪ್ಪುಗಟ್ಟಿ ಫ್ಲೆಮಿಂಗೊಗಳು ಸಾವಿರಗಟ್ಟಲೆ ಸತ್ತವು. ಚಳಿ ಇಲ್ಲದ ವರ್ಷ ಉಳಿದವಕ್ಕೇ ಲಾಭ, ಹಾರಾಟದ ಖರ್ಚಿಲ್ಲ.

ಗದ್ದೆಬದು:

ಉಂಗುರ ಮಗಳು ಓದಿದಳು ಭಟ್ಟರೇ! ನಿಮ್ಮ "ಝೂ"ನಲ್ಲೇ. ಅಷ್ಟು ಹತ್ತಿರ ಇದ್ದಿದ್ದಕ್ಕೆ ನನ್ನ 8x42 ಬೈನಾಕ್ಯುಲರಿನಲ್ಲೇ ಅಕ್ಷರ ಕಂಡಿತು. ಉಂಗುರ ಯಾವ ಕಾಲಿಗಿದೆ, ಬಣ್ಣ ಏನು, ಕೆಳಗಿನಿಂದ ಮೇಲಕ್ಕೆ ಅಕ್ಷರ ಏನು ಅಂತ ಬರೆದುಕೊಂಡು ಉಂಗುರ ಹಾಕೋರಿಗೆ ಕಳಿಸಿದ್ದಾಳೆ. ಉತ್ತರಕ್ಕೆ ಕಾಯುತ್ತಿದ್ದೇವೆ.

ಬೈನಾಕ್ಯುಲರ್_ಭಟ್ಟರು:

ಆಯ್ತಪ್ಪ, ಝೂ ಅನ್ನೋ ಮಾತು ವಾಪಸ್ ತಗೊಂಡೆ. ಮಗಳಿಗೋಸ್ಕರ ಅಷ್ಟೇ. ಆ ಹಕ್ಕಿ ಎಲ್ಲಿ ಹುಟ್ಟಿದ್ದು ಅಂತ ಗೊತ್ತಾದರೆ ಇಲ್ಲೇ ಹಾಕಿ.

ಮಂಗಳೂರು_ಸೌತೆ:

ನಮಗೆ ರಜೆ ಫೆಬ್ರವರಿಯಲ್ಲೇ ಸಿಗೋದು. ಆಗ ಹೋದರೆ ಏನಾದರೂ ಇರುತ್ತಾ?

ಮೊಂಪೆಲಿಯೆ_ಮಲ್ಲಿಗೆ:

ಧಾರಾಳವಾಗಿ. ಫ್ಲೆಮಿಂಗೊಗಳು ಗುಂಪಾಗಿ ಕತ್ತು ನೆಟ್ಟಗೆ ಮಾಡಿ, ರೆಕ್ಕೆ ಬಿಚ್ಚಿ ಕುಣಿಯೋದು ಚಳಿಗಾಲದಲ್ಲೇ ಜಾಸ್ತಿ. ಗದ್ದೆಬದು ಅವರಿಗೆ ಸಿಗದ ವಾಲ್‌ಕ್ರೀಪರ್ ನವೆಂಬರ್ ಮೇಲೆ ಬೆಟ್ಟದಿಂದ ಇಳಿದು ಲೆ ಬೋ ಬಂಡೆಗಳಿಗೆ ಬರುತ್ತದೆ, ಫೆಬ್ರವರಿಯಲ್ಲೂ ಇರುತ್ತೆ. ಬೂದು ಮೈ, ರೆಕ್ಕೆ ಬಿಚ್ಚಿದರೆ ಕಡುಗೆಂಪು. ಮಿಸ್ತ್ರಾಲ್‌ಗೆ ಟೋಪಿ ಸಾಲದು, ಕಿವಿ ಮುಚ್ಚೋ ಮಫ್ಲರ್ ತನ್ನಿ. ಸೊಳ್ಳೆ ಇರಲ್ಲ.